ಫೋನ್ ನೋಡಿ ಮೈ ಉರಿದಾಗ

28 ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಮೆದುಳಿನ ಚಿತ್ರವನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ. ಆದರೂ 2018ರಲ್ಲಿ ಮಕ್ಕಳ ಕಳ್ಳರ ವಿಡಿಯೊ ಬಂದಾಗ ಹಿಂದೆಮುಂದೆ ನೋಡದೆ ಮೂರು ಗ್ರೂಪಿಗೆ ಕಳಿಸಿದೆ. ಮೊಮ್ಮಗಳು ಆಗ ತಾನೇ ಅಂಗನವಾಡಿಗೆ ಹೋಗುತ್ತಿದ್ದಳು, ನೋಡಿ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ್ದ ಜಾಗೃತಿ ವಿಡಿಯೊ, ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು ಅಂತ ಆಮೇಲೆ ಗೊತ್ತಾಯಿತು. ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇಂಥದೇ ಗಾಳಿಸುದ್ದಿ ನಂಬಿದ ಜನ, ಹೈದರಾಬಾದಿನಿಂದ ಬಂದಿದ್ದ ಒಬ್ಬನನ್ನು ಹೊಡೆದು ಕೊಂದರು. ಪೇಪರಿನಲ್ಲಿ ಓದಿದ ದಿನ ಊಟ ಸೇರಲಿಲ್ಲ.

ನಮ್ಮದು ತಿಪಟೂರು ಕಡೆ. ತೆಂಗಿನ ತೋಟದಲ್ಲಿ ಮೇಲೆ ಸರಕ್ ಅಂದರೆ, ಗರಿಯೋ ಕಾಯಿಯೋ ಅಂತ ನೋಡುವ ಮೊದಲೇ ಕಾಲು ಪಕ್ಕಕ್ಕೆ ಹಾರಿರುತ್ತದೆ. ಇದರಲ್ಲಿ ಅಮಿಗ್ಡಲಾದ ಪಾತ್ರ ದೊಡ್ಡದು. ಬಾದಾಮಿಯಷ್ಟೇ ಇರುವ ಭಾಗ, ಮೆದುಳಿನ ಎರಡೂ ಪಕ್ಕದಲ್ಲಿ ಒಳಗಡೆ ಕೂತಿದೆ. ಹಣೆಯ ಹಿಂದಿರುವ, ಅಳೆದು ತೂಗುವ ಭಾಗ ಸ್ವಲ್ಪ ನಿಧಾನ. ತೋಟದಲ್ಲಿ ಈ ಅವಸರ ಜೀವ ಉಳಿಸುತ್ತದೆ. ಫೋನಿನಲ್ಲಿ ಹಾರುವುದು ಕಾಲಲ್ಲ, ಬೆರಳು.

ಅದಕ್ಕೇ ಮೊದಲು ಫೋನನ್ನು ಮಗುಚಿ ಇಡಿ. ಆಮೇಲೆ ಏನಾಗುತ್ತಿದೆ ಅಂತ ಬಾಯಿಬಿಟ್ಟು ಹೇಳಿ. ಸಿಟ್ಟಾ? ದಿಗಿಲಾ? ಹೊಟ್ಟೆಕಿಚ್ಚಾ? "ಒಂಥರಾ ಆಗ್ತಿದೆ" ಅಂದರೆ ಲೆಕ್ಕಕ್ಕಿಲ್ಲ, ಸರಿಯಾದ ಪದವೇ ಬೇಕು. ಇದು ನನ್ನ ತಲೆಯಿಂದ ಬಂದ ಉಪಾಯ ಅಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಯವರು 2007ರಲ್ಲಿ ಪ್ರಕಟಿಸಿದ ಪ್ರಯೋಗ. ಸಿಟ್ಟಿನ, ಹೆದರಿಕೆಯ ಮುಖಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಆ ಭಾವಕ್ಕೆ ಹೆಸರು ಆರಿಸಿದಾಗ ಅಮಿಗ್ಡಲಾದ ಚಟುವಟಿಕೆ ಇಳಿಯಿತು, ಹಣೆಯ ಹಿಂದಿನ ಒಂದು ಭಾಗ ಚುರುಕಾಯಿತು. ನಾನು ಒಬ್ಬನೇ ಕೂತು "ದಿಗಿಲು, ದಿಗಿಲು" ಅಂತಿದ್ದರೆ ನಮ್ಮ ಮನೆಯವರು ಅಡುಗೆಮನೆಯಿಂದ ಇಣುಕಿ ನೋಡುತ್ತಾರೆ. ನೋಡಲಿ ಬಿಡಿ.

ವಿಡಿಯೊ ಆದರೆ ಎರಡನೇ ಸಲ ಸೌಂಡ್ ಆಫ್ ಮಾಡಿ ನೋಡಿ. ಹಿನ್ನೆಲೆಯ ಮ್ಯೂಸಿಕ್ ಹೋದರೆ ಅರ್ಧ ಆವೇಶ ಅಲ್ಲೇ ಇಳಿಯುತ್ತದೆ. ವಾಟ್ಸಾಪಿನಲ್ಲಿ ಜೋಡಿ ಬಾಣದ ಗುರುತು ಇದೆಯಾ ನೋಡಿ. ಇದ್ದರೆ ಅದು ಕೈಯಿಂದ ಕೈಗೆ ಕನಿಷ್ಠ 5 ಸಲ ದಾಟಿ ಬಂದಿದೆ ಅಂತ. ಅಂಥದ್ದನ್ನು ನಾನು ಮುಂದೆ ಕಳಿಸುವುದೇ ಇಲ್ಲ. ರಾತ್ರಿ ಒಂಬತ್ತಾದ ಮೇಲೆ ಫೋನ್ ರಾಗಿ ಡಬ್ಬದ ಮೇಲೆ, ನಾನು ಹಾಸಿಗೆ ಮೇಲೆ.

ಕನಿಕರದ ಮೆಸೇಜಿಗೆ ಮಾತ್ರ ಈಗಲೂ ನಾನು ಬೇಗ ಬೀಳುತ್ತೇನೆ. ಸಿಟ್ಟು ಬಂದರೆ ಅನುಮಾನವೂ ಬರುತ್ತದೆ, ಕನಿಕರ ಬಂದರೆ ನಾನೇ ಒಳ್ಳೆಯವನು ಅನಿಸಿಬಿಡುತ್ತದೆ, ಅಲ್ವಾ? ಮೊನ್ನೆ ಅಕ್ಕ ಒಂದು ಮಗುವಿನ ಫೋಟೊ ಕಳಿಸಿದಳು. ತುರ್ತಾಗಿ ರಕ್ತ ಬೇಕು, ಎಲ್ಲರಿಗೂ ಕಳಿಸಿ ಅಂತ. "ಅಯ್ಯೋ ಪಾಪ" ಅಂತ ಜೋರಾಗಿಯೇ ಹೇಳಿದೆ. ಆಮೇಲೆ ಫಾರ್ವರ್ಡ್ ಒತ್ತದೆ, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವರ ದನಿಯಲ್ಲೇ ಸುಸ್ತು ಕಾಣುತ್ತಿತ್ತು.

"ಸಾರ್, ಅವನು ಹುಷಾರಾಗಿ ಎಷ್ಟೋ ವರ್ಷ ಆಯ್ತು. ಈಗ ಒಂಬತ್ತನೇ ಕ್ಲಾಸು."