ನನಗೆ ಫ್ಲೂ ಬಂದಾಗ ಬೆಕ್ಕುಗಳನ್ನು ಕಾಪಾಡಿಕೊಂಡ ಬಗೆ

ಮನುಷ್ಯರ ಫ್ಲೂ ಬೆಕ್ಕಿಗೂ ತಗಲಬಹುದು ಎಂದರೆ ನಂಬುವವರು ಕಡಿಮೆ. 2009ರಲ್ಲಿ ಎಚ್1ಎನ್1 ಎಂಬ ಬಗೆಯ ಫ್ಲೂ ಜಗತ್ತಿನಾದ್ಯಂತ ಹರಡಿದಾಗ ಅಮೆರಿಕದ ಆರಿಗನ್ ರಾಜ್ಯದಲ್ಲಿ, ಮನೆಯೊಳಗೇ ಬೆಳೆದ ಬೆಕ್ಕೊಂದು ತನ್ನನ್ನು ಸಾಕಿದವರಿಂದ ಸೋಂಕು ತಗಲಿಸಿಕೊಂಡು ನ್ಯುಮೋನಿಯಾದಿಂದ ಸತ್ತಿತು. ಅದೇ ವರ್ಷ ಅಯೋವಾದಲ್ಲಿ ಸೋಂಕು ತಗಲಿದ 13 ವರ್ಷದ ಬೆಕ್ಕು ಚೇತರಿಸಿಕೊಂಡಿತು. ಇಂಥ ಪ್ರಕರಣಗಳು ವಿರಳ ಎಂಬುದು ನಿಜ. ಆದರೆ ನಮ್ಮ ಮನೆಯ ಎರಡು ಬೆಕ್ಕುಗಳಲ್ಲಿ ಗುಂಡನಿಗೆ ವಯಸ್ಸಾಗಿದೆ, ಮೂತ್ರಪಿಂಡದ ತೊಂದರೆಯೂ ಇದೆ. ಹಾಗಾಗಿ ಕಳೆದ ಮಳೆಗಾಲದಲ್ಲಿ ನನಗೆ ಫ್ಲೂ ಎಂದು ವೈದ್ಯರು ಹೇಳಿದ ಕೂಡಲೇ ಮೊದಲು ಮಾಡಿದ ಕೆಲಸವೆಂದರೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡದ್ದು.

ಹೇಳಲು ಸುಲಭವಾದ ಈ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ಬೆಕ್ಕಿಗೆ ಬೆಚ್ಚಗಿನ ಜಾಗ ಬೇಕು. ಜ್ವರ ಬಂದ ಮೈಗಿಂತ ಬೆಚ್ಚಗಿನ ಜಾಗ ಮಳೆಗಾಲದ ಮನೆಯಲ್ಲಿ ಇನ್ನೊಂದಿಲ್ಲ. ಬಾಗಿಲು ಹಾಕಿದರೆ ಗುಂಡ ಹೊರಗಿನಿಂದ ಕೆರೆಯುತ್ತಾನೆ, ರಾತ್ರಿಯಿಡೀ ಕೂಗುತ್ತಾನೆ. "ಒಳಗೆ ಬಿಟ್ಟುಕೊಂಡುಬಿಡೇ, ಪಾಪ, ಅದಕ್ಕೇನು ಗೊತ್ತಾಗತ್ತೆ" ಎಂದು ಅಮ್ಮ ಕರಗಿದರು. ಅದಕ್ಕೆ ಗೊತ್ತಾಗುವುದಿಲ್ಲ ಎಂಬ ಕಾರಣಕ್ಕೇ ನನಗಿಂತ ಹಿತವಾದದ್ದೊಂದನ್ನು ಬಾಗಿಲಿನಾಚೆ ಇಡಬೇಕಾಯಿತು. ಹಜಾರದ ಕಿಟಕಿಯ ಬಳಿಯ ಬೆತ್ತದ ಕುರ್ಚಿಯ ಮೇಲೆ ಅಮ್ಮ ತಮ್ಮ ಹಳೆಯ ಹತ್ತಿಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರಡಿಯಲ್ಲಿ ಟವೆಲ್ ಸುತ್ತಿದ ಬಿಸಿನೀರಿನ ಚೀಲವಿಟ್ಟರು. ನನ್ನ ವಾಸನೆಯಿರುವ ಹೊದಿಕೆಯನ್ನೇ ಕೊಟ್ಟಿದ್ದರೆ ಗುಂಡ ಬೇಗ ಸಮಾಧಾನಗೊಳ್ಳುತ್ತಿದ್ದ. ಆದರೆ ಕೆಮ್ಮುತ್ತಾ ಹೊದ್ದುಕೊಂಡದ್ದನ್ನು ಕೊಡುವಂತಿರಲಿಲ್ಲ.

ಊಟ ಹಾಕುವುದು, ಬೆಕ್ಕುಗಳು ಮಲಮೂತ್ರ ಮಾಡುವ ಮಣ್ಣಿನ ತಟ್ಟೆ ಶುಚಿ ಮಾಡುವುದು ಎಲ್ಲವೂ ಅಮ್ಮನ ಪಾಲಿಗೆ ಹೋಯಿತು. ನನ್ನ ಕೈಯಿಂದಲೇ ತಿಂದು ರೂಢಿಯಾದ ಗುಂಡ ಮೊದಲು ಊಟದ ತಟ್ಟೆಯತ್ತ ತಿರುಗಿಯೂ ನೋಡಲಿಲ್ಲ. ಇದನ್ನು ಹಟವೆಂದು ಬಿಡುವಂತಿಲ್ಲ, ಏಕೆಂದರೆ ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಆಹಾರದ ಪೊಟ್ಟಣವನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟು, ವಾಸನೆ ಏಳುವ ಹಾಗೆ ಬೆಚ್ಚಗೆ ಮಾಡಿ ಹಾಕಿದ ಮೇಲೆ ತಿಂದ.

ಫ್ಲೂ ಬಂದವರು ಲಕ್ಷಣ ಕಾಣಿಸುವ ಹಿಂದಿನ ದಿನದಿಂದಲೇ ಸೋಂಕು ಹರಡಬಲ್ಲರು. ಆಮೇಲೂ ಐದರಿಂದ ಏಳು ದಿನಗಳವರೆಗೆ ಅದು ಮುಂದುವರಿಯುತ್ತದೆ. ಆ ಅವಧಿಯಲ್ಲಿ ಬಚ್ಚಲಿಗೆ ಹೋಗುವಾಗಲೂ ಮಾಸ್ಕ್ ಹಾಕಿಕೊಂಡೆ, ಬಾಗಿಲ ಹಿಡಿಯನ್ನು ಮುಟ್ಟುವ ಮೊದಲು ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆದೆ. ಸ್ಟೀಲು, ಪ್ಲಾಸ್ಟಿಕ್ಕಿನಂಥ ಗಟ್ಟಿ ವಸ್ತುಗಳ ಮೇಲೆ ಈ ವೈರಾಣು ಒಂದೆರಡು ದಿನ ಉಳಿಯಬಲ್ಲದು. ಕಿರಿಯವಳಾದ ಬೆಳ್ಳಿಗೆ ಮುದುರಿದ ಟಿಶ್ಯೂ ಕಾಗದವೆಂದರೆ ಚೆಂಡಾಟವಾದ್ದರಿಂದ, ಮೂಗು ಒರೆಸಿದ ಕಾಗದವೆಲ್ಲ ಮುಚ್ಚಳವಿರುವ ಡಬ್ಬಿಗೇ ಹೋಗಬೇಕೆಂದು ಕಟ್ಟುನಿಟ್ಟು ಮಾಡಿಕೊಂಡೆ.

ನಮ್ಮ ಮನೆಗಳಲ್ಲಿ ಫ್ಲೂ ವೈರಾಣುವಿಗಿಂತ, ಫ್ಲೂಗೆಂದು ನಾವು ಹೊರತೆಗೆಯುವ ಸಾಮಾನುಗಳೇ ಬೆಕ್ಕಿಗೆ ಹೆಚ್ಚು ಅಪಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ನಾವು ಎರಡನೆಯ ಯೋಚನೆಯಿಲ್ಲದೆ ನುಂಗುವ ಪ್ಯಾರಸಿಟಮಾಲ್ ಮಾತ್ರೆಯನ್ನು ಅರಗಿಸಿಕೊಳ್ಳಲು ಬೇಕಾದ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. 500 ಮಿಲಿಗ್ರಾಮಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದಿಕೊಳ್ಳುತ್ತದೆ. ಬೆಕ್ಕು ಸೀನಿತೆಂದು ಮಕ್ಕಳಿಗೆ ಕೊಡುವ ಜ್ವರದ ಸಿರಪ್ಪನ್ನು "ಸ್ವಲ್ಪವೇ" ಕುಡಿಸುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ. ನೀಲಗಿರಿ ಎಣ್ಣೆ ಹಾಕಿ ಹಬೆ ತೆಗೆದುಕೊಳ್ಳುವುದು, ಎದೆಗೆ ಕರ್ಪೂರದ ಮುಲಾಮು ತಿಕ್ಕಿಕೊಳ್ಳುವುದು ಸಹ ಮುಚ್ಚಿದ ಕೋಣೆಯೊಳಗೇ ಆಗಬೇಕು. ಮೈಗೆ ಮೆತ್ತಿಕೊಂಡದ್ದನ್ನೆಲ್ಲ ಬೆಕ್ಕು ನೆಕ್ಕಿ ಹೊಟ್ಟೆಗೆ ಇಳಿಸಿಕೊಳ್ಳುತ್ತದೆ, ಇವೆರಡೂ ಅದಕ್ಕೆ ವಿಷ. ಫಿನಾಯಿಲ್ ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ಇದೇ ಕಥೆ. ನಾವು ನೆಲಕ್ಕೂ ಬಾಗಿಲ ಹಿಡಿಗಳಿಗೂ ಸೋಪಿನ ನೀರನ್ನೇ ಬಳಸಿದೆವು. ಫ್ಲೂ ವೈರಾಣುವಿನ ಹೊರಪದರ ಕೊಬ್ಬಿನದಾದ್ದರಿಂದ ಸೋಪಿಗೇ ಅದು ಒಡೆದುಹೋಗುತ್ತದೆ.

ಬೆಕ್ಕುಗಳು ನಿದ್ದೆಹೋದಾಗ ಎದೆ ಏರಿ ಇಳಿಯುವುದನ್ನು ಅರ್ಧ ನಿಮಿಷ ಎಣಿಸಿ, ಇಮ್ಮಡಿ ಮಾಡಿ ಬರೆದಿಡಲು ಅಮ್ಮನಿಗೆ ಹೇಳಿಕೊಟ್ಟೆ. ನಿಮಿಷಕ್ಕೆ 20ರಿಂದ 30 ಸಹಜ. ಮತ್ತೆ ಮತ್ತೆ 30 ದಾಟುತ್ತಿದ್ದರೆ ಪಶುವೈದ್ಯರಿಗೆ ಫೋನು ಮಾಡಬೇಕು, ಬಾಯಿ ತೆರೆದು ಉಸಿರಾಡುತ್ತಿದ್ದರೆ ಫೋನಿಗೂ ಕಾಯದೆ ಕರೆದೊಯ್ಯಬೇಕು. ಬೆಕ್ಕುಗಳ ಸೀನು, ಕಣ್ಣೀರಿಗೆ ಹೆಚ್ಚಾಗಿ ಕಾರಣ ಅವುಗಳದ್ದೇ ಆದ ಹರ್ಪಿಸ್ ಮತ್ತು ಕ್ಯಾಲಿಸಿ ವೈರಾಣುಗಳು. ಅವುಗಳ ವಿರುದ್ಧ ಲಸಿಕೆ ಇದೆಯಾದರೂ ಆ ಲಸಿಕೆ ನಮ್ಮ ಫ್ಲೂವನ್ನು ತಡೆಯುವುದಿಲ್ಲ. ಆದ್ದರಿಂದ ವೈದ್ಯರ ಬಳಿ ಹೋದಾಗ ಮನೆಯಲ್ಲಿ ಯಾರಿಗೆ, ಯಾವಾಗಿನಿಂದ ಫ್ಲೂ ಇದೆಯೆಂದು ನಾವೇ ಹೇಳಬೇಕು. ಹೇಳದಿದ್ದರೆ ಅವರಿಗೆ ಅದು ಹೊಳೆಯದೆ ಹೋಗಬಹುದು. ನಾಯಿಗಳಿಗೆ ಮನುಷ್ಯರಿಂದ ಫ್ಲೂ ತಗಲುವುದು ಇನ್ನೂ ಅಪರೂಪ, ಆದರೂ ಅವುಗಳಿಂದಲೂ ದೂರವಿರುವುದರಲ್ಲಿ ನಷ್ಟವೇನಿಲ್ಲ.

ಜ್ವರ ಬಿಟ್ಟು, ಕೆಮ್ಮು ನಿಂತು, ಹಾಸಿಗೆ ಹೊದಿಕೆಯೆಲ್ಲ ಬಿಸಿನೀರಿನಲ್ಲಿ ಒಗೆದು ಒಣಗಿಸಿದ ಮೇಲೆಯೇ ಬಾಗಿಲು ತೆರೆದೆ. ಎರಡೂ ಬೆಕ್ಕುಗಳಿಗೆ ಏನೂ ಆಗಲಿಲ್ಲ. ಅದು ಈ ಎಚ್ಚರಿಕೆಯಿಂದಲೋ ಅದೃಷ್ಟದಿಂದಲೋ ಎಂದು ನಾನು ಸಾಧಿಸಲಾರೆ. ಈ ವರ್ಷ ಮಾತ್ರ ಮಳೆ ಹಿಡಿಯುವ ಮೊದಲೇ ನಾನೂ ಅಮ್ಮನೂ ಫ್ಲೂ ಲಸಿಕೆ ಹಾಕಿಸಿಕೊಂಡಿದ್ದೇವೆ. ಅದರ ರಕ್ಷಣೆ ಕೂಡಿಬರಲು ಸುಮಾರು ಎರಡು ವಾರ ಬೇಕು, ಪ್ರತಿವರ್ಷವೂ ಹೊಸದಾಗಿ ಹಾಕಿಸಿಕೊಳ್ಳಬೇಕು.