ಪೋಷಕ ನಟನ ಅತಿಥಿ ಪಾತ್ರಗಳ ಪಟ್ಟಿ ಮಾಡುವುದು ಹೇಗೆ: ವಿಟೊ ಸ್ಕಾಟಿಯನ್ನು ಇಟ್ಟುಕೊಂಡು

ಹಳೆಯ ಅಮೆರಿಕನ್ ಟಿವಿ ಸರಣಿಗಳನ್ನು ನೋಡುವವರಿಗೆ ವಿಟೊ ಸ್ಕಾಟಿಯ ಮುಖ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. 1918ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿ 1996ರಲ್ಲಿ ತೀರಿಕೊಂಡ ಈ ನಟ ‘ಗಾಡ್‌ಫಾದರ್’ ಚಿತ್ರದ ಬೇಕರಿಯವನು, ನಜೋರಿನೆ. ಟಿವಿಯಲ್ಲಿ ಒಮ್ಮೆ ದರ್ಜಿ, ಒಮ್ಮೆ ಕುಡುಕ, ಇನ್ನೊಮ್ಮೆ ತಲೆಕೆಟ್ಟ ವಿಜ್ಞಾನಿ. ಇಂಥ ಪಟ್ಟಿ ಮಾಡುವಾಗ ಎಡವುವ ಜಾಗಗಳು ಬಹುಪಾಲು ಇವರೊಬ್ಬರ ಕೆಲಸದಲ್ಲೇ ಸಿಗುತ್ತವೆ.

ಸ್ಪ್ರೆಡ್‌ಶೀಟಿನಲ್ಲಿ ಒಂದು ಕಂತಿಗೆ ಒಂದು ಸಾಲು ಇಡಿ. ಸರಣಿಗೊಂದು ಸಾಲು ಇಟ್ಟರೆ ಕೆಲಸ ಅಲ್ಲೇ ಕೆಟ್ಟಿತು. ಕಾಲಂಗಳು ಇಷ್ಟು ಸಾಕು: ಸರಣಿ, ಕಂತಿನ ಹೆಸರು, ಮೊದಲ ಪ್ರಸಾರದ ದಿನಾಂಕ, ವಾಹಿನಿ, ತೆರೆಯ ಮೇಲೆ ಬಂದಂತೆಯೇ ಪಾತ್ರದ ಹೆಸರು, ನಟನ ಹೆಸರು ಆರಂಭದಲ್ಲಿ ಬಂತೋ ಕೊನೆಯಲ್ಲೋ, ದೃಶ್ಯ ಶುರುವಾಗುವ ನಿಮಿಷ, ನೋಡಿದ ಪ್ರತಿ ಯಾವುದು.

ಕಂತಿನ ಲೆಕ್ಕ ಯಾಕೆ ಬೇಕು ಎನ್ನುವುದಕ್ಕೆ ಪತ್ತೇದಾರಿ ಸರಣಿ ‘ಕೊಲಂಬೊ’ ನೋಡಿ. ಸ್ಕಾಟಿ ಇದರಲ್ಲಿ ಆರು ಸಲ ಬರುತ್ತಾರೆ, ಆರೂ ಬೇರೆ ಬೇರೆ ಆಸಾಮಿಗಳು. 1973ರ ಅಕ್ಟೋಬರ್ 7ರ ‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’ನಲ್ಲಿ ದುಬಾರಿ ರೆಸ್ಟೋರೆಂಟಿನ ಮೇಲ್ವಿಚಾರಕ, ಮರುತಿಂಗಳು ‘ಕ್ಯಾಂಡಿಡೇಟ್ ಫಾರ್ ಕ್ರೈಮ್’ನಲ್ಲಿ ದರ್ಜಿ ಚಾಡ್ವಿಕ್, 1974ರ ಮಾರ್ಚ್‌ನ ‘ಸ್ವಾನ್ ಸಾಂಗ್’ನಲ್ಲಿ ಶವಸಂಸ್ಕಾರದ ವ್ಯವಹಾರ ನಡೆಸುವ ಗ್ರಿಂಡೆಲ್, ಅದೇ ವರ್ಷದ ಅಕ್ಟೋಬರ್‌ನ ‘ನೆಗೆಟಿವ್ ರಿಯಾಕ್ಷನ್’ನಲ್ಲಿ ಮನೆಮಠವಿಲ್ಲದ ಕುಡುಕ ಡೋಲನ್, 1975ರ ‘ಐಡೆಂಟಿಟಿ ಕ್ರೈಸಿಸ್’ನಲ್ಲಿ ಸಾಲ್ವತೋರೆ ಡಿಫಾಂಟೆ, ಕೊನೆಗೆ 1989ರ ‘ಮರ್ಡರ್, ಎ ಸೆಲ್ಫ್ ಪೋರ್ಟ್ರೇಟ್’ನಲ್ಲಿ ಬಾರ್ ಮಾಲೀಕ, ಅವನ ಹೆಸರೂ ವಿಟೊ. ‘ಕೊಲಂಬೊ, 1973–1989’ ಎಂದು ಒಂದೇ ಸಾಲು ಬರೆದರೆ ಓದಿದವರು ಇವರನ್ನು ಪೊಲೀಸ್ ಠಾಣೆಯ ಖಾಯಂ ಗಿರಾಕಿ ಎಂದುಕೊಂಡಾರು.

ಸೀಸನ್ ಸಂಖ್ಯೆಯನ್ನು ನಂಬಿ ಬರೆಯಬೇಡಿ, ದಿನಾಂಕ ಬರೆಯಿರಿ. ‘ಕೊಲಂಬೊ’ಗೆ 1968ರಲ್ಲೊಂದು, 1971ರಲ್ಲೊಂದು ಪೈಲಟ್, ಅಂದರೆ ಸರಣಿಗೆ ಮುನ್ನ ಪರೀಕ್ಷೆಗೆಂದು ತೆಗೆದ ಕಂತು, ಇವೆ. ಆಮೇಲೆ 1978ರವರೆಗೆ ಎನ್‌ಬಿಸಿ ವಾಹಿನಿ, ಹನ್ನೊಂದು ವರ್ಷದ ಬಿಡುವಿನ ನಂತರ 1989ರಿಂದ ಎಬಿಸಿ. ಪೈಲಟ್‌ಗಳನ್ನು ಎಲ್ಲಿ ಸೇರಿಸಬೇಕು ಎನ್ನುವುದರಲ್ಲೇ ಪಟ್ಟಿಗಳು ಜಗಳಾಡುತ್ತವೆ. ಒಂದು ಕಡೆಯ ಮೊದಲ ಕಂತು ಇನ್ನೊಂದು ಕಡೆ ಮೂರನೆಯದು. ದಿನಾಂಕಕ್ಕೆ ಈ ಗೋಳಿಲ್ಲ.

ಅತಿಥಿ ಪಾತ್ರ ಯಾವುದು, ಯಾವುದಲ್ಲ ಎಂಬುದನ್ನು ಮೊದಲೇ ತೀರ್ಮಾನಿಸಿ. 1953ರಲ್ಲಿ ‘ಲೈಫ್ ವಿತ್ ಲುಯಿಜಿ’ಯ ಲುಯಿಜಿ ಪಾತ್ರವನ್ನು ಸ್ಕಾಟಿ ಬೇರೆ ನಟನಿಂದ ವಹಿಸಿಕೊಂಡರು. ಅದು ನಾಯಕ ಪಾತ್ರ, ಈ ಪಟ್ಟಿಗೆ ಬರುವುದಿಲ್ಲ. ‘ದಿ ಫ್ಲೈಯಿಂಗ್ ನನ್’ನ ಪೊಲೀಸ್ ಕ್ಯಾಪ್ಟನ್ ಮತ್ತೆ ಮತ್ತೆ ಬರುವವನು, ಅವನಿಗೆ ಬೇರೆ ಹಾಳೆ. ‘ಗಿಲಿಗನ್ಸ್ ಐಲೆಂಡ್’ನಲ್ಲಿ ನಾಲ್ಕು ಕಂತು, ಎರಡೇ ಪಾತ್ರ: ಎರಡರಲ್ಲಿ ಯುದ್ಧ ಮುಗಿದದ್ದೇ ತಿಳಿಯದ ಜಪಾನಿ ನಾವಿಕ, ಎರಡರಲ್ಲಿ ವಿಜ್ಞಾನಿ ಬೋರಿಸ್ ಬಾಲಿಂಕಾಫ್. ಇವು ಅತಿಥಿ ಪಾತ್ರಗಳೇ. ‘ಮರಳಿ ಬಂದ ಪಾತ್ರ’ ಎಂದು ಗುರುತು ಹಾಕಿದರೆ ಸಾಕು.

ನಾವಿಕ ಎರಡನೇ ಸಲ ಬರುವುದು ಹಿಂದಿನದನ್ನು ನೆನೆದು ಹೇಳುವ ಕಥೆಯೊಳಗೆ. ಇಂಥ ಕಡೆ ಹಳೆಯ ಚಿತ್ರೀಕರಣವನ್ನೇ ಅಂಟಿಸಿದ್ದಾರೋ, ಹೊಸದಾಗಿ ತೆಗೆದಿದ್ದಾರೋ ನೋಡಬೇಕು. ಅಂಟಿಸಿದ್ದಾದರೆ ಹಾಗೆಂದು ಬರೆಯಿರಿ. ಈ ಸರಣಿಯ ಮೊದಲ ವರ್ಷ ಕಪ್ಪು-ಬಿಳುಪು, ಎರಡನೆಯದರಿಂದ ಬಣ್ಣ. ಬೇರೆ ಬೇರೆ ವರ್ಷದ ಕಂತುಗಳನ್ನು ಹೋಲಿಸಲು ಅದೊಂದು ಸುಳಿವು. ಆದರೆ ಮೊದಲ ವರ್ಷಕ್ಕೆ ಆಮೇಲೆ ಬಣ್ಣ ಹಚ್ಚಿದ ಪ್ರತಿಗಳೂ ಓಡಾಡುತ್ತಿವೆ, ಎಚ್ಚರ. ಇಟಾಲಿಯನ್ ಮೂಲದ ನಟನಿಗೆ ಬಣ್ಣ ಬಳಿದು ಜಪಾನಿಯನ್ನಾಗಿ ಮಾಡಿದ್ದನ್ನು ಇಂದು ನೋಡಲು ಇರುಸುಮುರುಸಾಗುತ್ತದೆ. ಪಟ್ಟಿಯಿಂದ ತೆಗೆಯಬೇಡಿ; ಆ ಕಾಲದ ಹಾಸ್ಯ ಸರಣಿಗಳು ಇಂಥ ನಟರನ್ನು ಹೇಗೆ ದುಡಿಸಿಕೊಂಡವು ಎನ್ನುವುದಕ್ಕೆ ಅದೇ ದಾಖಲೆ.

ಪಾತ್ರದ ಹೆಸರು ಹಿಡಿದು ಹುಡುಕಿದರೆ ಬೇರೆ ಗುಂಡಿ. ‘ಹೋಗನ್ಸ್ ಹೀರೋಸ್’ನ ಮೇಜರ್ ಬೊನಾಚೆಲ್ಲಿ ಪಾತ್ರ ಮಾಡಿದ್ದು 1966ರಲ್ಲಿ ನಟ ಹ್ಯಾನ್ಸ್ ಕಾನ್ರೀಡ್, 1969ರಲ್ಲಿ ಆ ಪಾತ್ರ ಮರಳಿ ಬಂದಾಗ ಸ್ಕಾಟಿ. ಪಾತ್ರ ಒಂದೇ ಎಂದು ಎರಡೂ ಕಂತನ್ನು ಒಬ್ಬರ ಹೆಸರಿಗೆ ಬರೆದುಬಿಡುವುದು ಸುಲಭ.

ಐಎಂಡಿಬಿಯಂಥ ಸಿನಿಮಾ-ಟಿವಿ ಮಾಹಿತಿಯ ಜಾಲತಾಣಗಳಿಂದ ಶುರು ಮಾಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಅಲ್ಲಿನ ಪ್ರತಿ ನಮೂದನ್ನೂ ಕಂತಿನ ಕೊನೆಯ ಹೆಸರುಪಟ್ಟಿಯ ಜೊತೆ ತಾಳೆ ನೋಡಬೇಕು. ಮರುಪ್ರಸಾರದಲ್ಲಿ ಆ ಪಟ್ಟಿಯನ್ನು ಕುಗ್ಗಿಸಿ ಮೂಲೆಗೆ ತಳ್ಳಿರುತ್ತಾರೆ, ಓದಲಾಗುವುದಿಲ್ಲ. ಡಿಸ್ಕಿನ ಪ್ರತಿ ಸಿಕ್ಕರೆ ಅದೇ ಮೇಲು. ಇನ್ನೂ ದೊಡ್ಡ ತೊಂದರೆ ಕತ್ತರಿಯದು. ಹೆಚ್ಚು ಜಾಹೀರಾತು ತುರುಕಲು ಮರುಪ್ರಸಾರದಲ್ಲಿ ಕಂತನ್ನು ಮೊಟಕು ಮಾಡುತ್ತಾರೆ. ಕಥೆ ಮುಂದೆ ಹೋಗಲು ಬೇಕೇಬೇಕು ಎನ್ನಿಸದ ನಗೆಯ ದೃಶ್ಯ, ಅಂದರೆ ನಮ್ಮ ಅತಿಥಿ ನಟನ ದೃಶ್ಯವೇ, ಮೊದಲು ಹಾರುತ್ತದೆ. ‘ಪಟ್ಟಿಯಲ್ಲಿದ್ದಾರೆ, ಕಂತಿನಲ್ಲಿ ಕಾಣಲಿಲ್ಲ’ ಎಂದಾದರೆ ನಮೂದು ಅಳಿಸುವ ಮುನ್ನ ಕಂತಿನ ಅವಧಿ ನೋಡಿ.

ಅವಧಿಯಲ್ಲೂ ಒಂದು ಮೋಸವಿದೆ. ಫಿಲ್ಮ್ ಓಡುವುದು ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್), ಯುರೋಪಿನ ‘ಪಾಲ್’ (PAL) ಟಿವಿ ಪದ್ಧತಿಯ ಡಿಸ್ಕಿನಲ್ಲಿ 25. ಹಾಗಾಗಿ 98 ನಿಮಿಷದ ಕಂತು ಸುಮಾರು 94ಕ್ಕೇ ಮುಗಿಯುತ್ತದೆ, ಏನನ್ನೂ ಕತ್ತರಿಸದೆಯೇ. 50ನೇ ನಿಮಿಷದ ದೃಶ್ಯ 48ಕ್ಕೆ ಬರುತ್ತದೆ. ಯಾವ ಪ್ರತಿ ಎಂಬ ಕಾಲಂ ಇಟ್ಟದ್ದು ಇದಕ್ಕೇ.

ಮುಖ ಗುರುತಿಸುವಾಗ ಮೀಸೆ, ಕೂದಲು, ಟೋಪಿ ಮರೆತುಬಿಡಿ. ಅವು ಮೇಕಪ್ ಕೋಣೆಯ ಸ್ವತ್ತು. ಕಿವಿಯ ಆಕಾರ ನೋಡಿ, ಆಮೇಲೆ ಕಣ್ಣು ಮುಚ್ಚಿ ದನಿ ಕೇಳಿ. ಉಚ್ಚಾರಣೆಯ ಶೈಲಿ ಪಾತ್ರಕ್ಕೆ ತಕ್ಕಂತೆ ಬದಲಾದರೂ ದನಿಯ ಏರಿಳಿತ ಅಷ್ಟು ಬೇಗ ಬದಲಾಗುವುದಿಲ್ಲ.

ಆಸಕ್ತಿ ಇದ್ದರೆ ಇನ್ನೊಂದು ಕಾಲಂ ಸೇರಿಸಿ: ಈ ಪಾತ್ರ ಕಥೆಗೆ ಏನು ಮಾಡಿತು? ಪಟ್ಟಿಗೆ ರುಚಿ ಬರುವುದು ಇಲ್ಲಿಂದ. ಹಾಸ್ಯ ಸರಣಿಯಲ್ಲಿ ಸ್ಕಾಟಿ ಗದ್ದಲ ಎಬ್ಬಿಸಲು ಬರುತ್ತಾರೆ; ಪತ್ತೇದಾರಿಯಲ್ಲಿ ನಗಿಸುತ್ತಲೇ ಸುಳಿವು ದಾಟಿಸಲು. ಕುಡುಕ ಡೋಲನ್ ಗುಂಡಿನ ಸದ್ದು ಕೇಳಿದ ಸಾಕ್ಷಿ. ರೆಸ್ಟೋರೆಂಟಿನ ಗಲಾಟೆಯಲ್ಲಿ ಮೇಲ್ವಿಚಾರಕನ ಪೇಚಾಟಕ್ಕೆ ನಾವು ನಗುತ್ತಿರುವಾಗಲೇ, ಸೆಕೆಯಲ್ಲಿ ವೈನ್ ಕೆಟ್ಟಿದೆ ಎಂದು ಕೊಲೆಗಾರ ತಾನೇ ಬಾಯಿಬಿಡುತ್ತಾನೆ.

ತಾಳೆಯಾಗದ ನಮೂದುಗಳನ್ನು ಅಳಿಸಬೇಡಿ, ಮುಖ್ಯ ಪಟ್ಟಿಗೂ ಸೇರಿಸಬೇಡಿ. ಎಲ್ಲಿ ಸಿಕ್ಕಿತು ಎಂದು ಬರೆದು ಬೇರೆ ಹಾಳೆಯಲ್ಲಿಡಿ. ಕತ್ತರಿ ಬೀಳದ ಪ್ರತಿ ಸಿಕ್ಕ ದಿನ ಇತ್ತ ತಂದುಕೊಳ್ಳಬಹುದು.