ತೂಕದ ಮೆಷಿನ್‌ನ ಡಿಎಲ್‌ಎಲ್ ಲೋಡ್ ಆಗದಿದ್ದಾಗ

ಬದಿಯಡ್ಕದ ಅಡಿಕೆ ಅಂಗಡಿಯೊಂದಕ್ಕೆ ಸಿ ಶಾರ್ಪ್‌ನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ತೂಕದ ಮೆಷಿನ್‌ನಿಂದ ತೂಕ ಓದುವ ಡಿಎಲ್‌ಎಲ್ (ಪ್ರೋಗ್ರಾಂ ಓಡುವಾಗ ಸೇರಿಸಿಕೊಳ್ಳುವ ಕೋಡ್ ಫೈಲ್) ಮಾತ್ರ ಹಳೆಯದು, ಸಿ ಭಾಷೆಯದು. ಹೊಸ ಕಂಪ್ಯೂಟರ್‌ಗೆ ಹಾಕಿದ್ದೇ ತಡ, ‘ಬ್ಯಾಡ್‌ಇಮೇಜ್‌ಫಾರ್ಮ್ಯಾಟ್‌ಎಕ್ಸೆಪ್ಷನ್’ ಎಂಬ ಎರರ್ ಕೊಟ್ಟು ನಿಂತುಬಿಟ್ಟಿತು.

ಫೈಲ್ ಕೆಟ್ಟಿರಲಿಲ್ಲ. ಫೈಲ್‌ನ ಒಳವಿವರ ತೋರಿಸುವ ಡಂಪ್‌ಬಿನ್ ಎಂಬ ಟೂಲ್‌ನಲ್ಲಿ ಹೆಡರ್ ನೋಡಿದರೆ ‘14ಸಿ ಮೆಷಿನ್’ ಎಂದಿತ್ತು, ಅಂದರೆ 32 ಬಿಟ್. 64 ಬಿಟ್‌ನದಾಗಿದ್ದರೆ 8664 ಇರಬೇಕಿತ್ತು. ವಿಷಯ ಇರೋದೇ ಇಲ್ಲಿ. ಮ್ಯಾನೇಜ್ಡ್ ಡಿಎಲ್‌ಎಲ್‌ನಲ್ಲಿ, ಅಂದರೆ ಸಿ ಶಾರ್ಪ್‌ನಂಥ ಡಾಟ್‌ನೆಟ್ ಭಾಷೆಯದರಲ್ಲಿ, ಸಾಮಾನ್ಯವಾಗಿ ಇರೋದು ಐಎಲ್ ಎಂಬ ನಡುವಿನ ಹಂತದ ಕೋಡ್. ಓಡುವಾಗ ಜಿಟ್ ಕಂಪೈಲರ್ ಅದನ್ನು ಆ ಕಂಪ್ಯೂಟರ್‌ಗೆ ತಕ್ಕಂತೆ ಬದಲಾಯಿಸುತ್ತದೆ. ನಮ್ಮ ಸಿ ಡಿಎಲ್‌ಎಲ್‌ನಂಥ ನೇಟಿವ್‌ನಲ್ಲಿ ಪ್ರೊಸೆಸರ್‌ನ ಕೋಡ್ ಮೊದಲೇ ತಯಾರಾಗಿರುತ್ತದೆ. ಹೊಸ ಕಂಪ್ಯೂಟರ್‌ನಲ್ಲಿ ನನ್ನ ಪ್ರೋಗ್ರಾಂ 64 ಬಿಟ್ ಆಗಿ ಓಡುತ್ತಿತ್ತು; 64 ಬಿಟ್ ಪ್ರೋಸೆಸ್‌ನೊಳಗೆ 32 ಬಿಟ್‌ನದು ಲೋಡ್ ಆಗುವುದೇ ಇಲ್ಲ.

ನನ್ನ ಪ್ರೋಗ್ರಾಂನಲ್ಲಿ ‘ಎನಿ ಸಿಪಿಯು’ ಇದ್ದ ಪ್ಲಾಟ್‌ಫಾರ್ಮ್ ಟಾರ್ಗೆಟನ್ನು ‘ಎಕ್ಸ್86’, ಅಂದರೆ 32 ಬಿಟ್, ಮಾಡಿ ಬಿಲ್ಡ್ ಮಾಡಿದೆ. ಆ ಡಿಎಲ್‌ಎಲ್ ಅನ್ನು ಕರೆಯುವ ‘ಡಿಎಲ್‌ಎಲ್‌ಇಂಪೋರ್ಟ್’ ಸಾಲು ಮುಟ್ಟಲಿಲ್ಲ. ತೂಕ ಸರಿಯಾಗಿ ಬರುತ್ತಿದೆ. 64 ಬಿಟ್ ಡಿಎಲ್‌ಎಲ್ ಸಿಕ್ಕಿದರೆ ಅದೇ ಜಾಸ್ತಿ ಒಳ್ಳೆಯದು, ಕೇಳಿಟ್ಟಿದ್ದೇನೆ.